ಬಿಂದಿಗೆ ಸಾಲು

ಶಿವರಂಜನಿ ಮೆಸೇಜ್ ಕ್ಯೂ, ಅಂದರೆ ಸಂದೇಶಗಳನ್ನು ಸಾಲಾಗಿ ಕಳಿಸುವ ವಿದ್ಯೆ, ಕಲಿತದ್ದು ಪುಸ್ತಕದಿಂದಲ್ಲ, ತನ್ನೂರು ಹರದನಹಳ್ಳಿಯ ನಲ್ಲಿಯಿಂದ ಎಂದರೂ ತಪ್ಪಿಲ್ಲ. ಚಾಮರಾಜನಗರದ ಪುಟ್ಟ ಕಂಪನಿಯೊಂದರಲ್ಲಿ ಅವಳ ಕೆಲಸ. ಗುಂಡ್ಲುಪೇಟೆ ಕಡೆಯ ಒಂಬತ್ತು ಸಾವಿರ ರೈತರ ಮೊಬೈಲಿಗೆ ದಿನಾ ಬೆಳಿಗ್ಗೆ ಈರುಳ್ಳಿ ದರ ಕಳಿಸಬೇಕು. ಕಾಡಿನಿಂದ ಆನೆ ಇಳಿದರೆ ಎಚ್ಚರಿಕೆಯನ್ನೂ ಕಳಿಸಬೇಕು. ಎಲ್ಲವನ್ನೂ ಒಟ್ಟಿಗೆ ನೂಕಿದರೆ ಸರ್ವರ್ ಮಕಾಡೆ ಮಲಗುತ್ತಿತ್ತು. ನಲ್ಲಿಯ ಮುಂದೆ ಬಿಂದಿಗೆ ಸಾಲಿಗಿಟ್ಟು ಹೆಂಗಸರು ಮನೆಗೆಲಸಕ್ಕೆ ಹೋಗುವುದಿಲ್ಲವೇ? ಅವಳೂ ಸಂದೇಶಗಳನ್ನು ಹಾಗೇ ಸಾಲಿಗಿಟ್ಟಳು. ಮೊದಲು ಬಂದದ್ದು ಮೊದಲು ಹೋಗಲಿ, ಸೆಕೆಂಡಿಗೆ ಎರಡರಂತೆ, ಉಳಿದದ್ದು ಕಾಯಲಿ. ಮ್ಯಾನೇಜರ್ ಚಂದ್ರಕುಮಾರ್ ಭೇಷ್ ಎಂದರು. ಅವಳೂ ಹಿಗ್ಗಿದಳು, ಪಾಪ.

ಸೋದರಮಾವ ಬೀರಯ್ಯನ ಹೊಲ ಕಾಡಂಚಿಗಿತ್ತು. ಅವನ ನಂಬರನ್ನು ಅವಳೇ ಸೇರಿಸಿದ್ದಳು.

"ಆನೆ ಬಂದ್ರೆ ಫೋನ್ ಕೂಗ್ತದೆ ಮಾವ. ಕೂಗ್ನಿಲ್ಲ ಅಂದ್ರೆ ಧೈರ್ಯವಾಗಿ ಓಗು."

ಆ ಸೋಮವಾರ ಬೆಳಿಗ್ಗೆ ಆರಕ್ಕೆ ಒಂಬತ್ತು ಸಾವಿರ ಈರುಳ್ಳಿ ದರ ಸಾಲಿಗೆ ಬಿದ್ದವು. ಐದೇ ನಿಮಿಷಕ್ಕೆ ಆನೆಯ ಸುದ್ದಿ ಬಂತು. ಅದೂ ಮರ್ಯಾದಸ್ತನಂತೆ ಸಾಲಿನ ಕೊನೆಗೆ ನಿಂತಿತು. ಬೀರಯ್ಯ ಫೋನ್ ನೋಡಿಕೊಂಡ. ಈರುಳ್ಳಿ ದರ ಬಂದಿತ್ತು, ಆನೆಯ ಮಾತಿರಲಿಲ್ಲ. ಹೊಲಕ್ಕೆ ಹೊರಟ.

ಏಳೂಕಾಲಿಗೆ ಜನ ಅವನ ಹೆಣದ ಸುತ್ತ ನಿಂತಿದ್ದಾಗ ಅಂಗಿ ಜೇಬಿನಲ್ಲಿ ಫೋನ್ ಕೂಗಿತು: "ಆನೆ ಬಂದಿದೆ. ಹೊಲಕ್ಕೆ ಹೋಗಬೇಡಿ."

ಮಾರನೆಯ ದಿನ ಮಣ್ಣು ಮಾಡಿದರು. ಸಂಜೆ ಮಾವನ ಮನೆಯ ಜಗಲಿಯಲ್ಲಿ ಶಿವರಂಜನಿ ತಾಯಿ ರಾಚಮ್ಮನಿಗೆ ಎಲ್ಲ ಹೇಳಿದಳು, ನಲ್ಲಿ ಸಾಲಿನ ಲೆಕ್ಕಾಚಾರವನ್ನೂ ಬಿಡದೆ. ತಮ್ಮನನ್ನು ಕಳೆದುಕೊಂಡ ರಾಚಮ್ಮ ಮಗಳತ್ತ ತಿರುಗಿದಳು.

"ಬಾಣಂತಿ ಮನೆ ಬಿಂದಿಗೆ, ಸಾವಿನ ಮನೆ ಬಿಂದಿಗೆ ಬಂದ್ರೆ ಮುಂದಕ್ಕೆ ಬುಡ್ತೀವಲ್ಲ ಕಣಮ್ಮಿ. ಅದ್ಯಾಕೆ ಮರ್ತ್‌ಬುಟ್ಟೆ?"

ಶಿವರಂಜನಿ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಆನೆಯ ಸುದ್ದಿಗೆ ಬೇರೆ ಸಾಲು ಮಾಡಿದಳು. ಇಪ್ಪತ್ತೇ ನಿಮಿಷದ ಕೆಲಸ. ಅದು ಇಷ್ಟು ಸುಲಭವಾಗಿ ಮುಗಿದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಬೆಳಿಗ್ಗೆ ಮಾವನ ಮನೆಯ ಬಿಂದಿಗೆ ಹಿಡಿದು ನಲ್ಲಿಗೆ ಹೋದಳು. ಸಾಲಿನ ಕೊನೆಗಿಟ್ಟು ನಿಂತಳು. ಮುದುಕಿಯೊಬ್ಬಳು ಅದನ್ನೆತ್ತಿ ಎಲ್ಲರಿಗಿಂತ ಮುಂದಿಟ್ಟಳು.

"ಬ್ಯಾಡ ಅಜ್ಜಿ, ಕಡೇಲೇ ಇರ್ಲಿ" ಎಂದು ಶಿವರಂಜನಿ ಅಂಗಲಾಚಿದಳು.

"ಬೀರಯ್ಯನ ಮನೇದಲ್ವಾ?" ಎಂದಳು ಮುದುಕಿ, ನಲ್ಲಿ ತಿರುಗಿಸುತ್ತ. "ಅದ ಕಾಯಿಸ್ಬಾರ್ದು ಕಣಮ್ಮಿ."