ಬೇಗ ಬಂದ ಬಸ್ಸು

ಬಸ್ಸು ಬೇಗ ಬಂದುಬಿಟ್ಟಿದೆ ಎಂದು ಡ್ರೈವರು ಇಂಜಿನ್ ಆಫ್ ಮಾಡಿದಾಗ, ಹಿಂದಿನ ಸೀಟಿನಲ್ಲಿ ಕೂತಿದ್ದ ಅವನಿಗೆ ಮೊದಲು ಅನಿಸಿದ್ದು ಹೆಮ್ಮೆ.

ಬೇಗ ಬಂದ ಬಸ್ಸು ನಿಲ್ದಾಣ ಸೇರಕೂಡದು. ಸ್ವಲ್ಪ ಹಿಂದೆಯೇ ನಿಂತು, ಬಾಗಿಲು ಮುಚ್ಚಿಕೊಂಡು, ವೇಳೆಗಾಗಿ ಕಾಯಬೇಕು. ಈ ನಿಯಮ ಬರೆದವನು ಅವನೇ. ಬಸ್ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಸುಧಾರಣೆಯ ಅಧಿಕಾರಿ. ಅವನು ಬಂದಮೇಲೆ ಅರ್ಧಕ್ಕರ್ಧ ನಿಲ್ದಾಣಗಳು ಹೋದವು, ಬಸ್ಸುಗಳು ತಡವಾಗುವುದು ಕಡಿಮೆಯಾಯಿತು. ಜನ ಹತ್ತುವುದೂ ಕಡಿಮೆಯಾಯಿತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ. ಇವತ್ತು ಇಡೀ ಬಸ್ಸಿಗೆ ಅವನೊಬ್ಬನೇ ಪ್ರಯಾಣಿಕ.

ರಸ್ತೆಯ ಆಚೆ ಬದಿಗೆ ಹೆಂಡತಿಯ ಅಕ್ಕನ ಮನೆ. ಹೆಂಡತಿ ಅಲ್ಲಿಗೆ ಹೋಗಿ ಕೂತು ಒಂದು ಮಳೆಗಾಲವೇ ಕಳೆದಿತ್ತು. ಈಗ ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದಳು. ನಿನ್ನೆ ಫೋನಿನಲ್ಲಿ ಹೇಳಿದ್ದಳು:

"ನಾಳೆ ಮಧ್ಯಾಹ್ನ ಹೊರಡ್ತೀನಿ. ಅಷ್ಟರೊಳಗೆ ಬಂದು, 'ಹೋಗ್ಬೇಡ' ಅಂತ ಒಂದು ಮಾತು ಹೇಳಿದ್ರೆ ಇರ್ತೀನಿ. ಕಾರಲ್ಲಿ ಬೇಡ. ನಿಮ್ಮ ಬಸ್ಸಲ್ಲೇ ಬನ್ನಿ."

ತಮಾಷೆಯೋ ಕುಟುಕೋ ತಿಳಿಯದೆ ಅವನು "ನೋಡೋಣ" ಎಂದಿದ್ದ.

ಈಗ ಎದ್ದು ಡ್ರೈವರಿಗೆ ಹೇಳಿದ: "ನಾನು ಇಲ್ಲೇ ಇಳೀತೀನಿ. ಬಾಗಿಲು ತೆಗೀರಿ."

"ತೆಗೆಯೋ ಹಾಗಿಲ್ಲ ಸಾರ್, ಟೈಮ್ ಆಗ್ಬೇಕು." ಡ್ರೈವರು ಕೂತಲ್ಲೇ ಮೈಮುರಿದ. "ಯಾವನೋ ಪುಣ್ಯಾತ್ಮ ರೂಲ್ ಮಾಡಿಟ್ಟಿದ್ದಾನೆ."

"ಯಾರು?"

"ಯಾರೋ. ಜನ್ಮದಲ್ಲಿ ಬಸ್ಸು ಹತ್ತಿರಲ್ಲ ಬಿಡಿ." ಆಮೇಲೆ ಪಾಪ ಅನಿಸಿತೇನೋ, ತಿರುಗಿ ನೋಡಿದ. "ಅರ್ಜೆಂಟಾ ಸಾರ್? ಹಾಗಿದ್ರೆ ಹೇಳಿ, ತೆಗೆದುಬಿಡ್ತೀನಿ. ಇಲ್ಲಿ ಯಾರು ನೋಡ್ತಾರೆ?"

ಇಷ್ಟು ಸಲೀಸಾಗಿ ನಿಯಮ ಮುರಿಯುವುದೇ? ಅವನೊಳಗಿನ ಅಧಿಕಾರಿ ಎದ್ದು ಕೂತ. ಅಲ್ಲದೆ ಏನು ಅರ್ಜೆಂಟು ಎಂದು ಡ್ರೈವರು ಕೇಳುತ್ತಾನೆ. ಹೆಂಡತಿ ಬಿಟ್ಟುಹೋಗುತ್ತಿದ್ದಾಳೆ ಎನ್ನಬೇಕು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಭಯವಾಯಿತು.

"ಹಾಗೇನಿಲ್ಲ" ಎಂದ.

"ಮತ್ತೆ? ಆರಾಮಾಗಿ ಕೂತ್ಕೊಳ್ಳಿ."

ಕೂತ. ಎದುರು ಮನೆಯ ಗೇಟು ತೆರೆಯಿತು. ಹೆಂಡತಿ ಸೂಟ್‌ಕೇಸ್ ಎಳೆದುಕೊಂಡು ಬಂದು ಆಚೆ ಬದಿಯ ನಿಲ್ದಾಣದಲ್ಲಿ ನಿಂತಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು; ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಬರಬೇಕಾದ ದಿಕ್ಕಿಗೇ ಕತ್ತು ಚಾಚಿ ನೋಡಿದಳು. ಅಲ್ಲೇ ನಿಂತಿದ್ದ ಅವನ ಬಸ್ಸನ್ನೂ ನೋಡಿದಳು, ಕೆಟ್ಟು ನಿಂತ ಗಾಡಿಯನ್ನು ನೋಡುವ ಹಾಗೆ. ಅವನು ಕೈ ಎತ್ತಿದ. ಗಾಜಿನ ಮೇಲೆ ಬಿಸಿಲು ಹೊಳೆಯುತ್ತಿತ್ತು, ಅವಳಿಗೆ ಏನೂ ಕಂಡಿರಲಾರದು.

ತೆಗೀರಿ ಎನ್ನಬೇಕಿತ್ತು. ಎತ್ತಿದ ಕೈಯಲ್ಲಿ ವಾಚು ನೋಡಿಕೊಂಡ.

ಎದುರಿನಿಂದ ಬಂದ ಬಸ್ಸು ತಡವಾಗಿತ್ತು. ತಡವಾದ ಬಸ್ಸು ಕಾಯುವುದಿಲ್ಲ. ಅದು ಹೋದಮೇಲೆ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.

"ನೋಡಿ, ಆಯ್ತು ಟೈಮು." ಡ್ರೈವರು ಬಸ್ಸನ್ನು ನಿಲ್ದಾಣಕ್ಕೆ ಸರಿಸಿ ಬಾಗಿಲು ತೆರೆದ. "ಇಳೀರಿ ಸಾರ್."

"ಮುಂದಿನ ಸ್ಟಾಪು."

ಮುಂದಿನದರಲ್ಲೂ ಅವನು ಏಳಲಿಲ್ಲ. ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರ್ ಹಾಕಿದ. ಒಂದು ನಿಮಿಷವೂ ಆಚೀಚೆಯಾಗದೆ ಬಸ್ಸು ನಿಂತು ನಿಂತು ಹೋಯಿತು, ಯಾರೂ ಇಲ್ಲದ ಒಂದೊಂದು ನಿಲ್ದಾಣಕ್ಕೂ ಬಾಗಿಲು ತೆರೆಯುತ್ತ, ಮುಚ್ಚುತ್ತ.