ಸಂಡಿಗೆ ಒಣಗದ ದಿನ

ಯುಗಾದಿ ಕಳೆದಿತ್ತು, ಬಸವ ಜಯಂತಿಗೆ ಇನ್ನೂ ದಿನಗಳಿದ್ದವು. ಪೀಣ್ಯದ ಕಾರ್ಖಾನೆಗಳಲ್ಲಿ ಬೆಳಗಿನ ಪಾಳಿಯ ಸೈರನ್ ಕೂಗಿ ಸ್ವಲ್ಪವೇ ಹೊತ್ತಾಗಿತ್ತು. ಅಷ್ಟಕ್ಕೇ ರಾಜಗೋಪಾಲನಗರದ ಮಹಾದೇವಕ್ಕನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ತಾರಸಿಯ ಮೇಲೆ ನಿಂತು ಆಕಾಶ ನೋಡುತ್ತಿದ್ದಳು.

ಕೆಳಗಿನಿಂದ ಮಾರಕ್ಕ ಕೂಗಿದಳು: "ಏನಕ್ಕಾ, ಒಲೆ ಅಚ್ಚಾಣಾ ಬ್ಯಾಡ್ವಾ?"

ಮಹಾದೇವಕ್ಕ ಗದಗದ ಕಡೆಯವಳು. ಗಂಡ ಗದಿಗೆಪ್ಪನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಬೆಂಗಳೂರಿಗೆ ಬಂದವಳಿಗೆ ಇಲ್ಲೇ ತಲೆ ನೆರೆಯಿತು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರ ಸಂಘ ಅವಳ ಮನೆಯ ತಾರಸಿಯಲ್ಲಿ ಸಂಡಿಗೆ ಹಾಕುತ್ತದೆ. ಹಿಟ್ಟು ಕುದಿಸುವುದು ಮಾರಕ್ಕನ ಪಾಲಿನ ಕೆಲಸ. ಮಾಗಡಿ ಕಡೆಯ ಗಟ್ಟಿ ಹೆಂಗಸು. ಅವಳು ತಿರುವಿದ ಹಿಟ್ಟು ಗಂಟಾಗುತ್ತಿರಲಿಲ್ಲ, ಅವಳು ಒತ್ತಿದ ಸಂಡಿಗೆ ಎಣ್ಣೆಗೆ ಬಿದ್ದರೆ ಮಲ್ಲಿಗೆಯಂತೆ ಅರಳುತ್ತಿತ್ತು. ಮಳೆ ಯಾವಾಗ ಬರುತ್ತದೆಂದು ಹೇಳುವುದು ಮಹಾದೇವಕ್ಕನ ಪಾಲಿನ ಕೆಲಸ. ಮೋಡದ ಬಣ್ಣ, ಗಾಳಿಯ ದಿಕ್ಕು ನೋಡಿ ಅವಳು ಹೇಳಿದ್ದು ತಪ್ಪುವುದು ಅಪರೂಪ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

"ಹಚ್ಚು ಹಚ್ಚು. ಸಂಜಿ ಚಾ ಹೊತ್ತಿಗೆ ಮಳಿ ಬರತೈತಿ. ಅಷ್ಟರಾಗ ಒಣಗಿಸಿ ತಗದುಬಿಡೂಣು."

ಗದಿಗೆಪ್ಪ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. "ಇದರಾಗೂ ಹಂಗ ತೋರಸ್ತೈತಿ. ಮೂರರ ಮ್ಯಾಲ ಗುಡುಗು, ಮಳಿ. ನೀ ಹೇಳಿದ್ದನ್ನ ಯಾರೋ ಹೋಗಿ ಇದಕ್ಕ ಚಾಡಿ ಹೇಳ್ಯಾರ ನೋಡು" ಎಂದು ನಕ್ಕ.

"ಅದರ ಕೆಳಗ ಮತ್ತೇನೋ ಬರದೈತಲ್ಲ?"

"ತೇವ ಎಷ್ಟು, ಮೈಗೆ ಎಷ್ಟು ಶಾಖ ಅನಸ್ತೈತಿ ಅಂತ ಏನೇನೋ ಐತಿ. ಅದು ನಮಗ್ಯಾಕ? ಮಳಿ ಒಂದು ಗೊತ್ತಾದರ ಸಾಕಲ್ಲ."

ಸಾಕು ಅನ್ನಿಸಿತು ಅವಳಿಗೂ. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನ ಒಂದು ಮದುವೆಗೆ ಸಂಡಿಗೆ ಕೊಡಬೇಕಿತ್ತು. ಮನಸ್ಸೆಲ್ಲ ಅಲ್ಲೇ ಇತ್ತು.

ಸಂಘದ ಹೆಂಗಸರೆಲ್ಲ ಸೇರಿ, ಒಲೆ ಹೊತ್ತಿ ಹಿಟ್ಟು ಕುದಿ ಹಿಡಿಯುವಾಗ ಶಾಂತಿ ಬಂದಳು. ಆ ಓಣಿಗೆ ಅವಳೇ ಆಶಾ ಕಾರ್ಯಕರ್ತೆ. ಹುಟ್ಟಿ ಬೆಳೆದದ್ದು ಅಂಡಮಾನ್ ದ್ವೀಪದಲ್ಲಿ, ಮದುವೆಯಾಗಿ ಇಲ್ಲಿಗೆ ಬಂದವಳು. ಬಾಗಿಲಲ್ಲೇ ನಿಂತು ಹೇಳಿದಳು:

"ಅಕ್ಕಾ, ಇವತ್ತೊಂದಿನ ಒಲೆ ಬೇಡ. ಬಿಸಿನೂ ಜಾಸ್ತಿ, ತೇವನೂ ಜಾಸ್ತಿ ಅಂತ ಹವಾಮಾನದವರು ಹೇಳಿದಾರೆ. ನಮ್ಮ ದ್ವೀಪದಲ್ಲಿ ರೇಡಿಯೋ ದಿನಾ ಇದನ್ನೇ ಹೇಳೋದು. ಸೆಖೆ, ತೇವ, ಅಲ್ಲಲ್ಲಿ ಮಳೆ. ವರ್ಷವೆಲ್ಲಾ ಒಂದೇ ಪಾಠ ಅಂತ ಜನ ನಗೋರು. ನಕ್ಕೊಂಡೇ ಕಿವಿಗೊಟ್ಟು ಕೇಳೋರು ಅಕ್ಕ. ಮರಳ ಮೇಲೆ ಹರಡಿದ ಮೀನು ಮಧ್ಯಾಹ್ನ ಆದ್ರೂ ಒಣಗ್ಲಿಲ್ಲ ಅಂದ್ರೆ ಹೆಂಗಸರೆಲ್ಲ ಕೆಲಸ ಬಿಟ್ಟು..."

ಮಹಾದೇವಕ್ಕ ಎರಡೂ ಕಿವಿ ಮುಚ್ಚಿಕೊಂಡಳು. "ಶಿವ ಶಿವಾ! ಸಂಡಿಗಿ ಹಾಕೂ ಹೊತ್ತಿನ್ಯಾಗ ಮೀನಿನ ಸುದ್ದಿ ತಗೀತೀಯಲ್ಲ ತಂಗಿ! ನಿನಗ ಬ್ಯಾರೆ ಮಾತ ಸಿಗಲಿಲ್ಲೇನು?"

ಎಲ್ಲರೂ ಗೊಳ್ಳೆಂದು ನಕ್ಕರು. ಶಾಂತಿಯೂ ನಕ್ಕಳು. "ಮೀನು ಬಿಡಿ ಅಕ್ಕ, ಮಾತು ಕೇಳಿ."

"ನಿಮ್ದು ಸಮುದ್ರದ ಊರು ಕಣವ್ವ, ಅಲ್ಲಿ ಸೆಕೆ ಇರ್ತದೆ" ಎಂದಳು ಮಾರಕ್ಕ, ಸೌಟು ತಿರುವುತ್ತಲೇ. "ಇದು ಬೆಂಗ್ಳೂರು. ಮೋಡ ಬ್ಯಾರೆ ಆಗೈತೆ. ಬಿಸ್ಲೇ ಇಲ್ಲ, ನಂಗೇನಾಯ್ತದೆ?"

"ಮೋಡ ಇದ್ರೆ ತಂಪು ಅಂತಲ್ಲ ಮಾರಕ್ಕ" ಎಂದು ಶಾಂತಿ ಇನ್ನೂ ಏನೋ ಹೇಳಲಿದ್ದಳು. ಯಾರೂ ಕೇಳುವ ಹಾಗಿರಲಿಲ್ಲ. ಓಆರ್‌ಎಸ್ ಪೊಟ್ಟಣಗಳನ್ನು ಕಿಟಕಿಯಲ್ಲಿಟ್ಟು ಮುಂದಿನ ಬೀದಿಗೆ ಹೋದಳು. ಆ ಪೊಟ್ಟಣಗಳನ್ನು ಯಾರೂ ಒಡೆಯಲಿಲ್ಲ.

ಒಲೆ ಇದ್ದದ್ದು ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ. ಮೇಲೆ ಕಾದ ತಗಡು, ಕೆಳಗೆ ಹಿಟ್ಟಿನ ಹಬೆ. ಗಾಳಿ ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಮಧ್ಯಾಹ್ನ ಮಹಾದೇವಕ್ಕ ತಾರಸಿಗೆ ಹತ್ತಿ ಒಂದು ಸಂಡಿಗೆ ಮುಟ್ಟಿ ನೋಡಿದಳು. ಬೆರಳಿಗೆ ಅಂಟಿತು. "ಇನ್ನಾ ಹಸೀನ ಐತಲ್ಲ" ಎಂದು ಗೊಣಗಿ ಇಳಿದು ಬಂದಳು.

ಮಾರಕ್ಕನ ಸೀರೆ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. "ತಲೆ ಸಿಡೀತೈತೆ ಕಣಕ್ಕ. ಒಟ್ಟೆ ತೊಳಸ್ತೈತೆ."

"ಇನ್ನೊಂದು ಸ್ವಲ್ಪ ತಡಕೋ ಮಾರಕ್ಕ. ಮಳಿ ಬಂದರ ಎಲ್ಲಾ ತಣ್ಣಗಾಗತೈತಿ."

ಆ ಮಾತು ಹೇಳಿದ್ದು ಮಹಾದೇವಕ್ಕನೇ. ಈಗಲೂ ಪಾತ್ರೆ ತೊಳೆಯುವಾಗ, ದೇವರ ಮುಂದೆ ಕೂತಾಗ ಅದೇ ಮಾತು ಅವಳ ಕಿವಿಯಲ್ಲಿ ಕೇಳಿಸುತ್ತದೆ.

ಮೋಡ ಕಪ್ಪಾಯಿತು. ದೂರದಲ್ಲಿ ಗುಡುಗಿತು. "ಮ್ಯಾಲ ನಡೀರೇ, ಸಂಡಿಗಿ ತಗೀರೇ" ಎಂದು ಮಹಾದೇವಕ್ಕ ಎಲ್ಲರನ್ನೂ ಕೂಗಿದಳು. ಮಾರಕ್ಕ ಮಾತ್ರ ಗೋಡೆಗೊರಗಿ ಕೂತಿದ್ದಳು. ಮಹಾದೇವಕ್ಕನ ಮುಖವನ್ನೇ ನೋಡುತ್ತಾ, "ಭಾನೂ, ನೀರು ಕಾದೈತೆ, ತಲೆ ನೆನೆಸ್ಕೋ ಓಗು. ಸ್ಕೂಲಿಗೆ ಒತ್ತಾಯ್ತು" ಎಂದಳು.

ಭಾನುಮತಿ ಅವಳ ಮಗಳು. ಮದುವೆಯಾಗಿ ಸರ್ಜಾಪುರದಲ್ಲಿದ್ದಾಳೆ, ಅವಳಿಗೇ ಶಾಲೆಗೆ ಹೋಗುವ ಮಗುವಿದೆ.

"ಅಯ್ಯೋ, ಮಾದೇವಕ್ಕನ್ನೇ ಮಗಳು ಮಾಡ್ಕೊಂಬಿಟ್ಳಲ್ರೇ!" ಎಂದು ಯಾರೋ ನಗೆಯಾಡಿದರು. ಮಹಾದೇವಕ್ಕನೂ ನಕ್ಕಳು. ನಗುತ್ತಲೇ ಎಲ್ಲರೂ ಮೆಟ್ಟಿಲು ಹತ್ತಿದರು.

ಮಳೆ ಬಂತು. ಮಹಾದೇವಕ್ಕ ಹೇಳಿದ ಹೊತ್ತಿಗೇ ಬಂತು. ಒಂದು ಸಂಡಿಗೆಯೂ ನೆನೆಯಲಿಲ್ಲ.

ಕೆಳಗೆ ಇಳಿದು ಬಂದರೆ ಮಾರಕ್ಕ ನೆಲದ ಮೇಲೆ ಬಿದ್ದಿದ್ದಳು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಕೈಕಾಲು ಅದುರುತ್ತಿದ್ದವು. ಫಿಟ್ಸ್ ಇರಬೇಕೆಂದು ಗದಿಗೆಪ್ಪ ಬೀಗದ ಕೈ ತಂದು ಅವಳ ಅಂಗೈಯಲ್ಲಿ ಒತ್ತಿದ. ಒಬ್ಬಳು ಸೆರಗು ಸರಿಮಾಡಿ ಮೇಲೊಂದು ದುಪ್ಪಟಿ ಹೊದಿಸಿದಳು. ಇನ್ನೊಬ್ಬಳು ಬಾಯಿಗೆ ಕಾಫಿ ಹಾಕಲು ನೋಡಿದಳು, ಅದು ನೆತ್ತಿಗೆ ಹತ್ತಿತು.

ಸುದ್ದಿ ಕೇಳಿ ಶಾಂತಿ ಮಳೆಯಲ್ಲೇ ಓಡಿ ಬಂದಳು. "ಬಾಯಿಗೇನೂ ಹಾಕ್ಬೇಡಿ! ದುಪ್ಪಟಿ ತೆಗೀರಿ! ಯಾರಾದ್ರೂ ನೂರೆಂಟಕ್ಕೆ ಫೋನ್ ಮಾಡಿ!" ಎಂದವಳೇ ಮಾರಕ್ಕನನ್ನು ಚಪ್ಪರದಿಂದ ಪಡಸಾಲೆಗೆ ಎಳೆಸಿದಳು. ಸೂರಿನಿಂದ ಸುರಿಯುತ್ತಿದ್ದ ನೀರನ್ನೇ ಬಕೆಟ್ಟಿನಲ್ಲಿ ಹಿಡಿಸಿ ಮೈಮೇಲೆ ಸುರಿಸಿದಳು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಮೊರ ಹಿಡಿದು ಬೀಸಲು ಹೇಳಿದಳು. ಆಂಬುಲೆನ್ಸ್ ಬರುವವರೆಗೂ ಮಹಾದೇವಕ್ಕ ಬೀಸಿದಳು. ಕೈ ಸೋತರೂ ಮೊರವನ್ನು ಬೇರೆಯವರಿಗೆ ಕೊಡಲಿಲ್ಲ.

ಜೀವ ಉಳಿಯಿತು. ಶಾಖ ಮಿದುಳಿಗೆ ಏರಿತ್ತು, ತಣಿಸುವುದು ತಡವಾಯಿತು ಎಂದರು ಡಾಕ್ಟರು. ಮಾರಕ್ಕ ನಡೆದರೆ ಕಾಲು ತಡವರಿಸುತ್ತದೆ. ಲೋಟ ಹಿಡಿದರೆ ನೀರು ತುಳುಕುತ್ತದೆ. ನಾಲಿಗೆ ದಪ್ಪಗಾದಂತೆ ಮಾತು ತೊದಲುತ್ತದೆ. ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಅವಳು ಮೊದಲು ಕೇಳಿದ್ದು, "ಅಕ್ಕಾ, ಸಂಡಿಗೆ ನೆನೀಲಿಲ್ಲ ತಾನೆ?"

ಮಹಾದೇವಕ್ಕ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಶಾಂತಿ ಬಂದು ಕೂತಳು.

"ಬಿಸಲೇ ಇರಲಿಲ್ಲಲ್ಲ ತಂಗಿ. ಮ್ವಾಡ ಕವಿದಿತ್ತು. ಅದ್ಹೆಂಗ ಹಿಂಗಾತು?"

"ಅವತ್ತು ಸಂಡಿಗೆ ಒಣಗ್ತಾ ಅಕ್ಕ?"

"ಇಲ್ಲ. ಗಾಳ್ಯಾಗ ನೀರು ತುಂಬಿತ್ತು. ಅಂಥಾ ದಿವಸ ಅದು ಒಣಗೂದಿಲ್ಲ."

"ಬೆವರೂ ಹಂಗೇನೇ. ಬೆವರು ಆರಿದ್ರೇನೇ ಮೈ ತಣ್ಣಗಾಗೋದು. ಗಾಳಿ ಪೂರ್ತಿ ತೇವ ಇದ್ರೆ ಬೆವರು ಸುರೀತದೆ, ಆರಲ್ಲ. ಶಾಖ ಒಳಗೇ ಉಳೀತದೆ. ಮಳೆಗೆ ಮುಂಚಿನ ಆ ಹೊತ್ತೇ ಕೆಟ್ಟದ್ದು. ನಮ್ಮ ಕಡೆ ಹೆಂಗಸರು ಕೆಲಸ ಬಿಟ್ಟು ನೆರಳಿಗೆ ಹೋಗ್ತಿದ್ದದ್ದು ಅದಕ್ಕೇನೇ."

ಮಹಾದೇವಕ್ಕ ತನ್ನ ಬೆರಳನ್ನು ನೋಡಿಕೊಂಡಳು. "ಮುಟ್ಟಿದ್ನಲ್ಲ ತಂಗಿ. ಈ ಕೈಲೇ ಮುಟ್ಟಿದ್ನಿ. ಸಂಡಿಗಿ ಸಲುವಾಗಿ ಮುಟ್ಟಿದ್ನೇ ಹೊರತು ಅಕಿ ಸಲುವಾಗಿ ಮುಟ್ಟಲಿಲ್ಲ."

"ಮಗಳ ಹೆಸರಲ್ಲಿ ಕರೆದ್ಳಂತಲ್ಲ ನಿಮ್ಮನ್ನ?"

"ನಕ್ಕಿವಿ ಯವ್ವಾ. ನಾವೆಲ್ಲಾ ನಕ್ಕಿವಿ."

ಶಾಂತಿ ಹತ್ತಿರ ಸರಿದಳು. ಅವಳ ಕೈ ಹಿಡಿದುಕೊಂಡಳು.

ಈಗ ಗದಿಗೆಪ್ಪ ಬೆಳಿಗ್ಗೆ ಮೊಬೈಲ್ ತೆರೆದರೆ ಮಳೆಯ ಸಾಲು ಓದಿ ಮುಚ್ಚುವುದಿಲ್ಲ. ತೇವ ಎಷ್ಟು, ಮೈಗೆ ಅನ್ನಿಸುವ ಶಾಖ ಎಷ್ಟು ಎಂದು ಮೆಟ್ಟಿಲ ಮೇಲಿಂದ ಇಡೀ ಓಣಿಗೆ ಕೇಳುವಂತೆ ಓದುತ್ತಾನೆ. ಅದು ಜಾಸ್ತಿ ಇದ್ದ ದಿನ ಮಹಾದೇವಕ್ಕ ಒಲೆ ಹಚ್ಚಲು ಬಿಡುವುದಿಲ್ಲ. ಉಳಿದ ದಿನ ನಸುಕಿನಲ್ಲೇ ಹಿಟ್ಟು ಕುದಿಸಿ ಮುಗಿಸುತ್ತಾರೆ. ಚಪ್ಪರದ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ. ಇಷ್ಟೆಲ್ಲ ಆದರೂ ಹಿಟ್ಟು ಗಂಟಾಗುತ್ತದೆ. ಮಾರಕ್ಕನ ಕೈ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲೂ ಹವಾಮಾನ ಕೇಳುವವರಿದ್ದೀರಿ. ಬಟ್ಟೆಗೆ, ಸಂಡಿಗೆಗೆ, ಮದುವೆಯ ಚಪ್ಪರಕ್ಕೆ ಕೇಳುತ್ತೀರಿ. ಕೆಲಸ ಮಾಡುವ ಮೈಗಾಗಿಯೂ ಕೇಳಿ. ಮೋಡವಿದೆ, ಹೇಗೂ ಮಳೆ ಬರುತ್ತದೆ ಎಂದು ಯಾರನ್ನೂ ತಡೆದುಕೋ ಅನ್ನಬೇಡಿ. ಒಣಹಾಕಿದ್ದು ಒಣಗದ ದಿನ ಒಲೆಯ ಮುಂದೆ, ತಗಡಿನ ಕೆಳಗೆ, ಭಟ್ಟಿಯ ಪಕ್ಕ ದುಡಿಯುವವರನ್ನು ಆಗಾಗ ಎಬ್ಬಿಸಿ, ನೆರಳಿಗೆ ಕರೆಯಿರಿ, ಬಾಯಾರಿಕೆಗೆ ಕಾಯದೆ ನೀರು ಕೊಡಿ. ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದರೆ ಕೆಲಸ ಅಲ್ಲಿಗೇ ನಿಲ್ಲಲಿ. ಮಾತು ತಪ್ಪಿದರೆ, ಹೆಸರು ತಪ್ಪಿದರೆ ನಗಬೇಡಿ. ಮೊದಲು ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, ನೂರೆಂಟಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ನೆನೆದ ಸಂಡಿಗೆಯನ್ನು ಇನ್ನೊಂದು ದಿನ ಮಾಡಿಕೊಳ್ಳಬಹುದು.

ಆಸ್ಪತ್ರೆಯಿಂದ ಬಂದ ತಾಯಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳಲೆಂದು ಭಾನುಮತಿ ಆಟೋ ತಂದು ಮೆಲ್ಲಗೆ ಹತ್ತಿಸಿದಳು. ಮಹಾದೇವಕ್ಕ ಬೀದಿಯ ತಿರುವಿನವರೆಗೂ ಆಟೋದ ಕಂಬಿ ಹಿಡಿದೇ ನಡೆದಳು. ಇಪ್ಪತ್ತು ಬೇಸಿಗೆ ಆ ಓಣಿಯಲ್ಲಿ ಹಿಟ್ಟು ತಿರುವಿದ ಮಾರಕ್ಕ ರಾಜಗೋಪಾಲನಗರ ಬಿಟ್ಟು ಮಗಳ ಜೊತೆ ಸರ್ಜಾಪುರಕ್ಕೆ ಹೋದಳು, ಬಸವ ಜಯಂತಿ ಕಳೆದ ಮೊದಲ ಬುಧವಾರ.