ಕೀಲಿಮಾವ ಮತ್ತು ಜುಂಯ್‌ಗುಡುವ ಗ್ರಾಮಫೋನು

ಯಾರ ಮನೆಗೆ ಹೋದರೂ ಕೀಲಿಮಾವ ಮೊದಲು ವಿಚಾರಿಸುತ್ತಿದ್ದುದು ಮನುಷ್ಯರ ಯೋಗಕ್ಷೇಮವನ್ನಲ್ಲ. ಬಾಗಿಲಲ್ಲೇ ಒಂದು ಕ್ಷಣ ಕಿವಿಗೊಟ್ಟು ನಿಂತು, "ಗಡಿಯಾರ ಯಾಕೋ ಏದುಸಿರು ಬಿಡ್ತಿದ್ದಾರಲ್ಲ" ಎಂದೋ, "ಹೊಲಿಗೆ ಮಿಷನ್ ಎಣ್ಣೆ ಕುಡಿದು ಎಷ್ಟು ದಿನ ಆಯ್ತಂತೆ?" ಎಂದೋ ಕೇಳಿ, ಉತ್ತರ ಬಂದ ಮೇಲಷ್ಟೇ ನಮ್ಮ ಕಡೆ ತಿರುಗುತ್ತಿದ್ದರು. ನೆಂಟರಿಷ್ಟರನ್ನೆಲ್ಲ ಏಕವಚನದಲ್ಲಿ ಮಾತಾಡಿಸುತ್ತಿದ್ದ ಈ ನನ್ನ ಸೋದರಮಾವ ಯಂತ್ರಗಳಿಗೆ ಮಾತ್ರ ಬಹುವಚನ ತಪ್ಪಿಸಿದವರಲ್ಲ. ಅವಕ್ಕೆ ವಯಸ್ಸಾಗಿದೆಯಲ್ಲ ಎಂಬುದು ಅವರ ಸಮರ್ಥನೆ. ಹಾಗಾದರೆ ಅಜ್ಜಿಗೇಕೆ 'ನೀನು' ಎಂದು ಕೇಳಿದರೆ, ಅಜ್ಜಿ ತನ್ನ ಕೈಯಲ್ಲಿ ರಿಪೇರಿಯಾಗುವವಳಲ್ಲ ಎನ್ನುತ್ತಿದ್ದರು.

ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗಗಳನ್ನು ರಿಪೇರಿ ಮಾಡಿ, ಇನ್ನೂರು ಮಗ್ಗಗಳ ಗದ್ದಲದ ನಡುವೆ ನರಳುವ ಒಂದೇ ಒಂದನ್ನು ಕಿವಿಯಿಂದ ಹುಡುಕಿ ತೆಗೆಯುವ ವಿದ್ಯೆ ಸಂಪಾದಿಸಿದ್ದ ಅವರು, ನಿವೃತ್ತಿಯ ನಂತರ ಮನೆಯ ಮುಂಗೋಣೆಯಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನುಗಳ ಚಿಕಿತ್ಸೆಗೆ ಕುಳಿತರು. ಮೈಮೇಲೆ ಸದಾ ಬೂದುಬಣ್ಣದ ಒಂದು ಕೋಟು. ಎಡಜೇಬಿನಲ್ಲಿ ತುಂಬಿದ್ದ ಉಪಕರಣಗಳ ಭಾರಕ್ಕೆ ಕೋಟು ವಾಲಿ, ಕೋಟಿನೊಂದಿಗೆ ಮಾವನೂ ವಾಲಿ, ಕೊನೆಗೆ ಕೋಟು ಕಳಚಿದಾಗಲೂ ಅವರು ಎಡಕ್ಕೇ ವಾಲಿ ನಡೆಯುತ್ತಿದ್ದರು. ಮಾತೆಲ್ಲ ಶುರುವಾಗುತ್ತಿದ್ದುದು "ಅದು ಹಾಗಲ್ಲ ನೋಡು" ಎಂದೇ. ಎದುರಿನವರ ಮಾತಿಗೆ ಸಂಪೂರ್ಣ ಒಪ್ಪಿಗೆಯಿದ್ದಾಗಲೂ.

ಎರಡು ಬೀದಿಯಾಚೆಯ ನರ್ಸಮ್ಮ ತಮ್ಮ ತಂದೆಯ ಕಾಲದ ಗ್ರಾಮಫೋನನ್ನು ಇವರ ಕೈಗೊಪ್ಪಿಸಿದಾಗ ಅದರ ಸ್ಥಿತಿ ಶೋಚನೀಯವಾಗಿತ್ತು. ಹೆಣ್ಣುದನಿಯಲ್ಲಿ ಆರಂಭವಾದ ಹಾಡು ನಡುವೆಯೇ ಬಳಲಿ, ಗಂಡುದನಿಗಿಳಿದು, ಗೊರಕೆಯಲ್ಲಿ ಮುಗಿಯುತ್ತಿತ್ತು. ಬೇರೊಂದು ಅಂಗಡಿಯವನು ಒಳಗಿನದ್ದನ್ನೆಲ್ಲ ಕಿತ್ತು ಕರೆಂಟಿನ ಮೋಟರು ಕೂರಿಸಿಬಿಡೋಣ ಎಂದಿದ್ದನಂತೆ. ಅದನ್ನು ಕೇಳಿ ಮಾವ ಎರಡು ದಿನ ಖಿನ್ನರಾಗಿದ್ದರು.

ಚಿಕಿತ್ಸೆ ಮೂರು ತಿಂಗಳು ನಡೆಯಿತು. ಉಕ್ಕಿನ ಸ್ಪ್ರಿಂಗನ್ನು ಅದರ ಡಬ್ಬಿಯಿಂದ ಬಿಡಿಸುವ ದಿನ, ಅದು ಸಿಡಿದರೆ ಬೆರಳು ಉಳಿಯದೆಂದು ಅತ್ತೆಯನ್ನು ಹಿತ್ತಲಿಗೆ ಕಳಿಸಿ, ಎರಡೆರಡು ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು ಸುರುಳಿ ಸುರುಳಿಯಾಗಿ ಹೊರತೆಗೆದರು. ಟಾರಿನಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆದರು. ವೇಗವನ್ನು ಹದದಲ್ಲಿಡುವ ಮೂರು ಸೀಸದ ಗುಂಡುಗಳಲ್ಲಿ ಒಂದನ್ನು ಹಿಡಿದಿದ್ದ ಉಕ್ಕಿನ ಪಟ್ಟಿ ಬಿರುಕು ಬಿಟ್ಟಿತ್ತು. ಗಡಿಯಾರದ ಸ್ಪ್ರಿಂಗಿನ ತುಂಡೊಂದನ್ನು ವಾರವಿಡೀ ಉಜ್ಜಿ ಉಳಿದೆರಡು ಪಟ್ಟಿಗಳಿಗೆ ಜೋಡಿಯಾಗುವಷ್ಟು ತೆಳುವಾಗಿಸಿದರು. ಮರದ ಪೆಟ್ಟಿಗೆಗೆ ಮಾತ್ರ ಹೊಸ ಪಾಲಿಶ್ ಹಚ್ಚಲಿಲ್ಲ. ಗೀರುಗಳು ಅವರ ಸ್ವಂತ ಸಂಪಾದನೆ, ಅಳಿಸೋಕೆ ನಾವ್ಯಾರು ಎಂದು ಎಣ್ಣೆಬಟ್ಟೆಯಲ್ಲಿ ಒರೆಸಿ ಬಿಟ್ಟರು.

ಒಪ್ಪಿಸಲು ಹೋದ ದಿನ ಗ್ರಾಮಫೋನಿನ ತುತ್ತೂರಿಯನ್ನು ಮಗುವಿನಂತೆ ಎತ್ತಿಕೊಂಡು ಅತ್ತೆಯೂ ಜೊತೆಗಿದ್ದರು. ನರ್ಸಮ್ಮನ ಅಕ್ಕ, ದೃಷ್ಟಿ ಕಳೆದುಕೊಂಡು ಹತ್ತು ವರ್ಷವಾಗಿದ್ದ ಮುದುಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾದು ಕುಳಿತಿದ್ದರು. ಮಾವ ಕೀಲಿ ಕೊಟ್ಟು, ಪ್ಲೇಟಿನ ಮೇಲೆ ಮುಳ್ಳಿಟ್ಟರು. ಹಾಡು ತೊಳೆದಿಟ್ಟ ಗಾಜಿನಂತೆ ಹೊರಬಂತು. ನರ್ಸಮ್ಮ ಬೆರಗಾಗಿ ನಿಂತರು. ಹಾಡು ಮುಗಿದ ಮೇಲೆ ಅಕ್ಕ ಎದ್ದು ಬಂದು ಪೆಟ್ಟಿಗೆಯನ್ನು ಅಂಚಿನಿಂದ ಅಂಚಿಗೆ ತಡವಿ ನೋಡಿದರು.

"ಪೆಟ್ಟಿಗೆ ನಮ್ಮದೇ. ದನಿ ನಮ್ಮದಲ್ಲ. ಒಳಗಿಂದೆಲ್ಲ ಬದಲಾಯಿಸಿಬಿಟ್ಟಿದ್ದೀಯಪ್ಪ" ಎಂದರು.

ಮಾವನ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷದಲ್ಲಿ ಯಾರೂ ಅವರ ಕೈಯನ್ನು ಶಂಕಿಸಿರಲಿಲ್ಲ. ನರ್ಸಮ್ಮ ಅಕ್ಕನನ್ನು ಗದರಿಸಿ ಕ್ಷಮೆ ಕೇಳುತ್ತಿದ್ದರೂ ಮಾವ ಕಿವಿಗೆ ಹಾಕಿಕೊಳ್ಳದೆ ಮನೆಗೆ ಬಂದು, ಕೋಟನ್ನೂ ಬಿಚ್ಚದೆ ಊಟಕ್ಕೆ ಕುಳಿತು, ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಅತ್ತೆ ಸಾರು ಬಡಿಸುತ್ತ ಹೇಳಿದರು:

"ನೀವು ಕಳ್ಳ ಅಂತ ಆಕೆ ಹೇಳಲಿಲ್ಲ. ಏನೋ ಕಳೆದುಹೋಗಿದೆ ಅಂದರು. ಏನು ಅಂತ ಕೇಳಿದಿರಾ?"

ಕೇಳಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹೋಗಿ ಕೇಳಿದರು. ಅಕ್ಕನಿಗೂ ರಾತ್ರಿಯೆಲ್ಲ ಮನಸ್ಸಿಗೆ ಚುಚ್ಚಿತ್ತೋ ಏನೋ, ಮೆತ್ತಗೆ ಹೇಳಿದರು: "ಹಾಡು ಮೇಲಕ್ಕೆ ಹೋದಾಗ ಜುಂಯ್ ಅಂತಿತ್ತಪ್ಪ, ಒಳಗೆ ಜೇನುನೊಣ ಸಿಕ್ಕಿಹಾಕಿಕೊಂಡ ಹಾಗೆ. ಅಲ್ಲಿಗೆ ಬಂದ ಕೂಡಲೇ ನಾನೂ ಇವಳೂ ನಗ್ತಿದ್ವಿ. ಅಪ್ಪ ಬೈಯೋರು. ಇನ್ನೂ ನಗ್ತಿದ್ವಿ."

ಮಾವನಿಗೆ ಆ ಜೇನುನೊಣದ ಪರಿಚಯ ಚೆನ್ನಾಗಿಯೇ ಇತ್ತು. ತುತ್ತೂರಿಯ ಕತ್ತಿನ ಸ್ಕ್ರೂ ಸಡಿಲವಾಗಿದ್ದುದನ್ನು ಮೊದಲ ದಿನವೇ ಪತ್ತೆಹಚ್ಚಿ ಬಿಗಿ ಮಾಡಿದ್ದರು. ಮೂರು ತಿಂಗಳ ಕೆಲಸದಲ್ಲಿ ಅರ್ಧ ನಿಮಿಷ ಹಿಡಿದದ್ದು ಅದೊಂದೇ. ಈಗ ಸ್ಕ್ರೂಡ್ರೈವರು ಕೈಯಲ್ಲಿದ್ದರೂ ಕೈ ಏಳಲಿಲ್ಲ. ತಿಳಿದೂ ತಿಳಿದೂ ದೋಷ ಮಾಡುವುದನ್ನು ಆ ಕೈ ಎಂದೂ ಕಲಿತಿರಲಿಲ್ಲ. ಕಡೆಗೆ ಕಾಲು ಸುತ್ತು ಸಡಿಲಿಸಿ ಪ್ಲೇಟು ತಿರುಗಿಸಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಕಾಲು ಸುತ್ತು. ಇನ್ನೂ ಸ್ವಲ್ಪ ಎಂದರು ಅಕ್ಕ. ಮೂರನೆಯ ಸಲ ಹಾಡು ಏರುತ್ತ ಏರುತ್ತ ತಾರಸ್ಥಾಯಿ ಮುಟ್ಟಿದ್ದೇ ತುತ್ತೂರಿ ಜುಂಯ್ ಎಂದಿತು. ಹಲ್ಲು ಕೀಳಿಸಿಕೊಂಡವರಂತೆ ಮಾವ ಕಣ್ಣು ಮುಚ್ಚಿದರು. ತೆರೆದಾಗ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎಪ್ಪತ್ತರ ನರ್ಸಮ್ಮ ನಗು ತಡೆಯಲಾರದೆ ಗೋಡೆಗೆ ಒರಗಿದ್ದರು.

"ಅದು ಹಾಗಲ್ಲ ನೋಡಿ," ಎಂದರು ಮಾವ ಗಂಭೀರವಾಗಿ, "ಇದಕ್ಕಿಂತ ಸಡಿಲವಾದರೆ ಅವರು ಕತ್ತು ಕಳಚಿ ಬೀಳ್ತಾರೆ." ಸ್ಕ್ರೂವಿಗೆ ದಾರ ಸುತ್ತಿ, ಅಷ್ಟೇ ಸಡಿಲ ಉಳಿಯುವಂತೆ ಬಂದೋಬಸ್ತು ಮಾಡಿದರು. ಆಮೇಲೆ ಎರಡು ತಿಂಗಳಿಗೊಮ್ಮೆ, ಆ ದೋಷ ಸುಸ್ಥಿತಿಯಲ್ಲಿದೆಯೇ ಎಂದು ನೋಡಿಬರುವುದು ಅವರ ನಿಯಮವಾಯಿತು. ಹೋದಾಗಲೆಲ್ಲ ಮೂವರೂ ಕೂತು ಆ ಹಾಡು ಕೇಳುತ್ತಿದ್ದರಂತೆ.

ಅಂದಿನಿಂದ ಯಾರು ಯಂತ್ರ ತಂದರೂ ಏನಾಗಿದೆ ಎಂದು ಕೇಳುವ ಮೊದಲು, ಏನನ್ನು ಸರಿಮಾಡಬಾರದು ಎಂದು ಕೇಳತೊಡಗಿದರು. ಹಲವರು ತಬ್ಬಿಬ್ಬಾಗುತ್ತಿದ್ದರು. ಒಬ್ಬ ಗಿರಾಕಿ ಮಾತ್ರ ಬಹಳ ಯೋಚಿಸಿ, ಮುಚ್ಚಳದ ಕಿರ್ ಸದ್ದು ಇರಲಿ, ಮಕ್ಕಳು ಕೈಹಾಕಿದ್ದು ಅದರಿಂದಲೇ ಗೊತ್ತಾಗುತ್ತೆ ಎಂದನಂತೆ.

ಹೊಸದನ್ನು ಕಟ್ಟುವವರಿಗೆ ಕೀರ್ತಿಯಿದೆ, ಒಡೆದು ಹಾಕುವವರಿಗೂ ಒಂದು ಬಗೆಯ ಖ್ಯಾತಿಯಿದೆ. ರಿಪೇರಿಯವರ ಪಂಗಡ ಬೇರೆ. ಇನ್ನೊಬ್ಬರ ಬದುಕು ನಡುದಾರಿಯಲ್ಲಿ ನಿಂತಾಗ ಒಳಗೆ ಕೈಯಿಟ್ಟು, ಅದು ಹೊರಟೊಡನೆ ಕೈ ಹಿಂತೆಗೆದುಕೊಳ್ಳುವವರು ಇವರು. ಹಾಡು ನಡೆಯುತ್ತಿರುವಾಗ ಇವರನ್ನು ಯಾರೂ ನೆನೆಯುವುದಿಲ್ಲ. ನೆನೆದರೆ ಇವರಿಗೇ ಗಾಬರಿ: ಎಲ್ಲಿ, ಏನು ಕೆಟ್ಟಿತೋ ಎಂದು.